ಕಿರಣ ಒಳಗೆ ಹೋದ್ಮೇಲೆ

ನಮಸ್ಕಾರ ಕೇಳುಗರೇ. ವೆಲ್ಡಿಂಗ್ ಬಗ್ಗೆ ರೇಡಿಯೋದಲ್ಲಿ ಮಾತಾಡಿ ಅಂದಾಗ ನಂಗೆ ಮೊದಲು ನಗು ಬಂತು. ವೆಲ್ಡಿಂಗ್ ಅಂದ್ರೆ ಕಣ್ಣಿಗೆ ಹೊಡೆಯೋ ಬೆಳಕು, ಹಾರೋ ಕಿಡಿ, ಅದನ್ನ ಕಿವಿಗೆ ಹೇಗೆ ಕೊಡೋದು? ಆಮೇಲೆ ಹೊಳೀತು, ನಾನಿವತ್ತು ಹೇಳೋಕೆ ಹೊರಟಿರೋ ಲೇಸರ್ ಮತ್ತೆ ಎಲೆಕ್ಟ್ರಾನ್ ಕಿರಣದ ವೆಲ್ಡಿಂಗನ್ನ ಅದೇ ಕೆಲಸ ಮಾಡೋ ವಿಜ್ಞಾನಿಗಳೂ ಎಷ್ಟೋ ವರ್ಷ ಕಣ್ಣಾರೆ ನೋಡಿರಲಿಲ್ಲ ಅಂತ. ಅಲ್ಲಿ ನಡೆಯೋ ಆಟವೆಲ್ಲ ಲೋಹದ ಹೊಟ್ಟೆಯೊಳಗೆ, ಸಾಸಿವೆ ಕಾಳಿಗಿಂತ ಸಣ್ಣ ಜಾಗದಲ್ಲಿ, ಕಣ್ಣು ಮಿಟುಕಿಸೋದ್ರೊಳಗೆ ಸಾವಿರ ಸಲ ಬದಲಾಗ್ತಾ ನಡೆಯುತ್ತೆ. ಹಂಗಾಗಿ ನೀವೂ ನಾನೂ ಕಣ್ಣು ಮುಚ್ಕೊಂಡೇ ಕೂತು ಮಾತಾಡಿದ್ರೆ ನಷ್ಟವೇನಿಲ್ಲ.

1960ರ ಮೇ 16ನೇ ತಾರೀಕು ಅಮೆರಿಕದಲ್ಲಿ ಥಿಯೋಡೋರ್ ಮೈಮನ್ ಅನ್ನೋರು ಮಾಣಿಕ್ಯದ ಒಂದು ಸಣ್ಣ ಸರಳಿನಿಂದ ಮೊದಲನೇ ಲೇಸರ್ ಹೊರಡಿಸಿದ್ರು. ಇದನ್ನಿಟ್ಕೊಂಡು ಏನ್ ಮಾಡೋದು ಅಂತ ಆಗ ಯಾರಿಗೂ ಗೊತ್ತಿರ್ಲಿಲ್ಲ. ಲೇಸರಿಗೆ ಎಷ್ಟು ಶಕ್ತಿ ಇದೆ ಅಂತ ಅಳೆಯೋಕೂ ಸರಿಯಾದ ಸಾಧನ ಇಲ್ದೆ ಪ್ರಯೋಗಶಾಲೆಯವರು ಶೇವಿಂಗ್ ಬ್ಲೇಡುಗಳನ್ನ ಒಂದರ ಹಿಂದೆ ಒಂದು ಜೋಡಿಸಿ ಒಂದು ಹೊಡೆತಕ್ಕೆ ಎಷ್ಟು ಬ್ಲೇಡು ತೂತಾಗುತ್ತೆ ಅಂತ ಎಣಿಸ್ತಿದ್ರು, ಅದಕ್ಕೆ ತಮಾಷೆಗೆ ಜಿಲೆಟ್ ಅಂತ ಯೂನಿಟ್ಟಿನ ಹೆಸರೂ ಇತ್ತು, ಎರಡು ಜಿಲೆಟ್ ಲೇಸರ್, ನಾಲ್ಕು ಜಿಲೆಟ್ ಲೇಸರ್ ಅಂತ. ನಂಗೇನೋ ಈ ಅಳತೆ ಬಹಳ ಇಷ್ಟ, ಯಾಕಂದ್ರೆ ಸುಮ್ನೆ ವ್ಯಾಟ್ ಲೆಕ್ಕ ಹೇಳಿದ್ರೆ ಲೇಸರ್ ಏನು ಅಂತ ಗೊತ್ತೇ ಆಗಲ್ಲ.

ಯಾಕೆ ಅಂತ ಹೇಳ್ತೀನಿ. 2 ಕಿಲೋವ್ಯಾಟ್ ಅಂದ್ರೆ ಬಚ್ಚಲುಮನೆ ಗೀಸರ್‌ಗೆ ಇರೋವಷ್ಟು ಶಕ್ತಿ. ಅಷ್ಟೇ ಶಕ್ತಿಯ ಲೇಸರನ್ನ ಲೆನ್ಸಿನಲ್ಲಿ ಹಿಡಿದು 0.2 ಮಿಲಿಮೀಟರ್ ಅಗಲದ ಚುಕ್ಕೆ ಮಾಡಿದ್ರೆ, ಲೆಕ್ಕ ಹಾಕಿ ನೋಡಿ, ಒಂದು ಚದರ ಸೆಂಟಿಮೀಟರಿಗೆ 60 ಲಕ್ಷ ವ್ಯಾಟ್ ದಾಟುತ್ತೆ. ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಕಾಗದ ಸುಟ್ಟವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಈ ಸಾಂದ್ರತೆ ಸುಮಾರು 10 ಲಕ್ಷದ ಆಸುಪಾಸು ಬರೋವರೆಗೆ ಲೋಹ ಮೇಲ್ಮೇಲೆ ಕರಗುತ್ತೆ ಅಷ್ಟೆ, ಶಾಖ ಪಕ್ಕಕ್ಕೂ ಕೆಳಕ್ಕೂ ಮೆಲ್ಲಗೆ ಹರಿಯುತ್ತೆ, ಬೆಸುಗೆ ಬಟ್ಟಲಿನ ಹಾಗೆ ಅಗಲವಾಗಿ, ಆಳ ಇಲ್ದೆ ಕೂರುತ್ತೆ. ಆ ಗಡಿ ದಾಟಿತೋ, ಕಬ್ಬಿಣ ಕುದಿಯೋಕೆ ಶುರುವಾಗುತ್ತೆ. ಕುದ್ದ ಕಬ್ಬಿಣದ ಆವಿ ಮೇಲಕ್ಕೆ ನುಗ್ಗುವಾಗ ಕೆಳಗಿರೋ ಕರಗಿದ ಲೋಹವನ್ನ ಒದ್ದು ಪಕ್ಕಕ್ಕೆ ತಳ್ಳುತ್ತೆ, ಅಲ್ಲೊಂದು ಸಣ್ಣ ಬಿಲ ಆಗುತ್ತೆ, ಬೆಳಕು ಆ ಬಿಲದೊಳಗೆ ಇಳಿದು ಗೋಡೆಯಿಂದ ಗೋಡೆಗೆ ಬಡಿದು ಇನ್ನೂ ಕೆಳಗೆ ಹೋಗುತ್ತೆ. ಇದಕ್ಕೆ ಕೀಹೋಲ್ ಅಂತಾರೆ. ಹೊರಗಡೆ ತಣ್ಣಗಿರೋ ಉಕ್ಕಿನ ಮೇಲೆ ಬಿದ್ದಾಗ ಬೆಳಕಿನ ಬಹುಪಾಲು ವಾಪಸ್ ಚಿಮ್ಮಿ ಹೋಗ್ತಿತ್ತು, ಈಗ ಬಿಲದಲ್ಲಿ ಸಿಕ್ಕಿಬಿದ್ದು ಬಡಿದ ಕಡೆಯೆಲ್ಲ ಒಂದಿಷ್ಟು ಶಾಖ ಬಿಟ್ಟು ಕೊನೆಗೆ ಹೆಚ್ಚುಕಮ್ಮಿ ಪೂರ್ತಿ ಅಲ್ಲೇ ಖರ್ಚಾಗುತ್ತೆ.

ಲೇಸರ್ ಮುಂದೆ ಸಾಗಿದ ಹಾಗೆ ಬಿಲವೂ ಅದರ ಜೊತೆ ಸಾಗುತ್ತೆ, ಕರಗಿದ ಲೋಹ ಸುತ್ತಿ ಹಿಂದೆ ಬಂದು ತೂತು ಮುಚ್ಚುತ್ತೆ. ಸೂಜಿ ಹೋದ ಕಡೆ ದಾರ ಅಂತಾರಲ್ಲ, ಅದೇ ಥರ. ಎರಡು ತಗಡು ಒಂದಾಗೋದು ಆ ಮುಚ್ಚಿಕೊಳ್ಳೋ ಕ್ಷಣದಲ್ಲಿ.

ಸರಿ, ಇಷ್ಟು ಸಲೀಸು ಇದ್ಮೇಲೆ ರಿಸರ್ಚ್ ಎಂಥದ್ದು ಅಂತ ಕೇಳಬಹುದು. ತೊಂದರೆ ಇರೋದು ಆ ಬಿಲ ಸುಮ್ನೆ ನಿಲ್ಲಲ್ಲ ಅನ್ನೋದ್ರಲ್ಲಿ. ಆವಿಯ ಒತ್ತಡ ಗೋಡೆಯನ್ನ ಹೊರಕ್ಕೆ ತಳ್ತಾ ಇರುತ್ತೆ, ಕರಗಿದ ಲೋಹದ ಬಿಗಿತ ಒಳಕ್ಕೆ ಎಳೀತಾ ಇರುತ್ತೆ, ಎರಡೂ ಒಂದಕ್ಕೊಂದು ಜಗ್ಗಾಡ್ತಾ ಒಮ್ಮೊಮ್ಮೆ ಬುಡ ಕುಸಿದು ಬೀಳುತ್ತೆ. ಆಗ ಒಂದು ಗುಳ್ಳೆ ತಳದಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ, ಅದು ಮೇಲೆ ಬರೋಷ್ಟ್ರಲ್ಲಿ ಸುತ್ತ ಲೋಹ ಗಟ್ಟಿಯಾಗಿಬಿಟ್ಟಿರುತ್ತೆ. ಹೊರಗಿನಿಂದ ನೋಡಿದ್ರೆ ಬೆಸುಗೆ ಕನ್ನಡಿ ಹಾಗಿದೆ, ಒಳಗೆ ಪೊಳ್ಳು. ವಿಮಾನದ ಭಾಗದಲ್ಲೋ ಎದೆಯೊಳಗೆ ಇಡೋ ಪೇಸ್‌ಮೇಕರಿನ ಟೈಟಾನಿಯಂ ಡಬ್ಬಿಯಲ್ಲೋ ಇಂಥ ಪೊಳ್ಳು ಇರೋ ಹಾಗಿಲ್ಲ.

ಬಹಳ ಕಾಲ ಬೆಸುಗೆ ಆರಿದ ಮೇಲೆ ಕತ್ತರಿಸಿ ನೋಡಿ, ಇಲ್ಲಿ ಹೀಗಾಗಿರಬೇಕು ಅಂತ ಊಹೆ ಮಾಡೋದೇ ದಾರಿಯಾಗಿತ್ತು. ಈಗ ಸಿಂಕ್ರೊಟ್ರಾನ್ ಅನ್ನೋ ದೊಡ್ಡ ಯಂತ್ರಗಳ ಎಕ್ಸ್‌ರೇ ಲೋಹದ ಮೂಲಕ ಹಾಯಿಸಿ, ವೆಲ್ಡಿಂಗ್ ನಡೀತಾ ಇರುವಾಗ್ಲೇ ಸೆಕೆಂಡಿಗೆ ಸಾವಿರಾರು ಫ್ರೇಮಿನ ವಿಡಿಯೋ ತೆಗೀತಾರೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಹೀಗೆ ತೆಗೆದ ಚಿತ್ರಗಳು 2019ರಲ್ಲಿ ಪ್ರಕಟವಾದಾಗ ಒಂದು ಸ್ವಾರಸ್ಯ ಹೊರಬಿತ್ತು, ಮೇಲ್ಮೇಲೆ ಕರಗೋ ಬೆಸುಗೆ ಅಂತ ಅಂದ್ಕೊಂಡಿದ್ದ ಎಷ್ಟೋ ಸೆಟ್ಟಿಂಗುಗಳಲ್ಲೂ ಒಳಗೆ ಬಿಲ ಇದ್ದೇ ಇತ್ತು. ಲೋಹದ ಪುಡಿಯನ್ನ ಪದರ ಪದರವಾಗಿ ಲೇಸರಿನಲ್ಲಿ ಕರಗಿಸಿ ಪ್ರಿಂಟ್ ಮಾಡ್ತಾರಲ್ಲ, ಅವರಿಗೆ ಇದು ಬಹಳ ದೊಡ್ಡ ವಿಷಯ.

ಇನ್ನು ತಾಮ್ರದ ಕಥೆ. ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿಯಲ್ಲಿ ತಾಮ್ರ, ಅಲ್ಯೂಮಿನಿಯಂ ಪಟ್ಟಿಗಳನ್ನ ಜೋಡಿಸ್ಬೇಕು, ಲೇಸರೇ ಬೇಕು. ಆದ್ರೆ ಗಾಜಿನ ಎಳೆಯಲ್ಲಿ ಬೆಳಕು ಹುಟ್ಟಿಸೋ ಸಾಮಾನ್ಯ ಫೈಬರ್ ಲೇಸರಿನ ಬೆಳಕು ಇನ್‌ಫ್ರಾರೆಡ್, ಸುಮಾರು 1 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಪಾಲು ತರಂಗಾಂತರ, ತಣ್ಣಗಿರೋ ತಾಮ್ರ ಅದರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಪಾಲನ್ನ ಕನ್ನಡಿ ಥರ ವಾಪಸ್ ಕಳಿಸುತ್ತೆ. ಹಂಗಂತ ಪವರ್ ಏರಿಸಿದ್ರೆ, ಕರಗಿದ ತಕ್ಷಣ ಅದೇ ತಾಮ್ರ ಜಾಸ್ತಿ ಬೆಳಕು ಹೀರೋಕೆ ಶುರು ಮಾಡಿ ಸಿಡಿದು ಚೂರುಚೂರಾಗಿ ಹಾರುತ್ತೆ. ಮೊದಲು ಮುಖ ತಿರುಗಿಸೋದು, ಆಮೇಲೆ ಮೈಮೇಲೆ ಬರೋದು, ಅಂಥ ಸ್ವಭಾವ. ಅದಕ್ಕೆ ಈಗ 450 ನ್ಯಾನೋಮೀಟರ್ ನೀಲಿ ಲೇಸರು, ಹಸಿರು ಲೇಸರು ಬಂದಿವೆ (ಸಾವಿರ ನ್ಯಾನೋಮೀಟರ್ ಸೇರಿದ್ರೆ ಒಂದು ಮೈಕ್ರಾನ್), ತಾಮ್ರ ಕೆಂಪಗೆ ಕಾಣೋದೇ ಅದು ನೀಲಿ ಹಸಿರನ್ನ ನುಂಗೋದ್ರಿಂದ ತಾನೇ, ಆ ಗುಣವನ್ನೇ ಬಳಸ್ಕೊಂಡಿದ್ದಾರೆ. ಆದ್ರೂ ತಾಮ್ರ ಅಲ್ಯೂಮಿನಿಯಂ ಎರಡೂ ಕರಗಿ ಜಾಸ್ತಿ ಬೆರೆತ್ರೆ ನಡುವೆ ಗಾಜಿನ ಹಾಗೆ ಪಟ್ಟನೆ ಒಡೆಯೋ ಸಂಯುಕ್ತ ಹುಟ್ಟುತ್ತೆ, ಬಣ್ಣ ಬದಲಾಯಿಸಿದ ಮಾತ್ರಕ್ಕೆ ಆ ತಲೆನೋವು ಹೋಗಲ್ಲ. ಸತು ಲೇಪನ ಇರೋ ಕಾರ್ ತಗಡಿನಲ್ಲಿ ಬೇರೆ ಪೇಚು, ಸತು 907 ಡಿಗ್ರಿಗೇ ಕುದಿಯುತ್ತೆ, ಉಕ್ಕು ಕರಗೋದು 1500ರ ಹತ್ತಿರ. ಅಂದ್ರೆ ಉಕ್ಕು ಕರಗೋ ಮೊದಲೇ ಎರಡು ತಗಡಿನ ಸಂದಿಯಲ್ಲಿ ಸತುವಿನ ಆವಿ ತುಂಬ್ಕೊಂಡು ಬೆಸುಗೆಯನ್ನೇ ಒಡೆದು ಹೊರಗೆ ಬರುತ್ತೆ. ಪರಿಹಾರ ಏನು ಗೊತ್ತಾ, ತಗಡುಗಳ ಮಧ್ಯೆ ಬೇಕು ಅಂತಲೇ ಕೂದಲೆಳೆಯಷ್ಟು ಸಂದಿ ಬಿಡೋದು. ಇಷ್ಟೆಲ್ಲ ಹೈಟೆಕ್ ಮಾಡಿ ಕೊನೆಗೆ ಆವಿ ಹೋಗೋಕೆ ದಾರಿ ಬಿಡೋ ಕೆಲಸ!

ಈಗ ಎಲೆಕ್ಟ್ರಾನಿಗೆ ಬರೋಣ. ಇದು ಲೇಸರಿಗಿಂತ ಹಳೇದು, 1950ರ ದಶಕದಲ್ಲೇ ಜರ್ಮನಿಯ ಸ್ಟೈಗರ್‌ವಾಲ್ಡ್, ಫ್ರಾನ್ಸಿನ ಸ್ಟೋರ್ ಇಬ್ಬರೂ ಬೇರೆ ಬೇರೆಯಾಗಿ ಎಲೆಕ್ಟ್ರಾನ್ ಕಿರಣದಿಂದ ಬೆಸುಗೆ ಹಾಕಿದ್ರು. ತಂತಿ ಕಾಯಿಸಿದ್ರೆ ಎಲೆಕ್ಟ್ರಾನ್ ಹೊರಬರುತ್ತೆ, 60 ಸಾವಿರದಿಂದ 150 ಸಾವಿರ ವೋಲ್ಟ್ ಕೊಟ್ಟು ಓಡಿಸಿದ್ರೆ ಬೆಳಕಿನ ವೇಗದ ಅರ್ಧದ ಆಸುಪಾಸಿಗೆ, 150 ಸಾವಿರ ವೋಲ್ಟಿನಲ್ಲಂತೂ ಆ ಅರ್ಧವನ್ನೂ ಮೀರಿ ಹೋಗುತ್ತೆ. ಆದ್ರೂ ಒಂದೊಂದೇ ಎಲೆಕ್ಟ್ರಾನ್ ಉಕ್ಕಿನೊಳಗೆ ಎಷ್ಟು ದೂರ ಹೋಗುತ್ತೆ ಅಂದ್ಕೊಂಡ್ರಿ? ಒಂದು ಕೂದಲಿನ ದಪ್ಪದಷ್ಟೂ ಇಲ್ಲ. ಇಂಥ ಕಿರಣ ಅಂಗೈ ಅಗಲದ ಉಕ್ಕಿನ ದಪ್ಪವನ್ನ ಒಂದೇ ಸಲಕ್ಕೆ ಬೆಸೆಯೋದು ಹೇಗೆ ಅಂದ್ರೆ, ಇಲ್ಲೂ ಅದೇ ಬಿಲ. ಮುಂದಿನವರು ಕುದಿಸಿ ದಾರಿ ಮಾಡ್ತಾರೆ, ಹಿಂದಿನವರು ಅದೇ ದಾರಿಯಲ್ಲಿ ಇಳೀತಾರೆ.

ಎಲೆಕ್ಟ್ರಾನಿಗೆ ಗಾಳಿ ಆಗಿಬರಲ್ಲ, ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ಚೆದುರಿಹೋಗುತ್ತೆ. ಹಂಗಾಗಿ ಕೆಲಸದ ವಸ್ತುವನ್ನ ವ್ಯಾಕ್ಯೂಮ್ ಪೆಟ್ಟಿಗೆಯೊಳಗೆ ಇಡಬೇಕು, ಲೋಹಕ್ಕೆ ಬಡಿದಾಗ ಎಕ್ಸ್‌ರೇ ಬರೋದ್ರಿಂದ ಪೆಟ್ಟಿಗೆಗೆ ರಕ್ಷಣೆ ಬೇಕು, ಉಕ್ಕಿನಲ್ಲಿ ಚೂರು ಕಾಂತತ್ವ ಉಳಿದಿದ್ರೂ ಕಿರಣ ಸೊಟ್ಟ ಹೋಗುತ್ತೆ, ಮೊದಲು ಅದನ್ನ ತೆಗೀಬೇಕು. ಸೋವಿಯತ್ ಒಕ್ಕೂಟದವರು ಇದನ್ನ ತಿರುಗಿಸಿ ಯೋಚಿಸಿದ್ರು, ವ್ಯಾಕ್ಯೂಮ್ ಬೇಕು ತಾನೇ, ಅದು ಬಿಟ್ಟಿ ಸಿಗೋ ಕಡೆ ಹೋಗೋಣ ಅಂತ. 1969ರ ಅಕ್ಟೋಬರಿನಲ್ಲಿ ಸೋಯುಜ್ 6 ನೌಕೆಯಲ್ಲಿ ಬಾಹ್ಯಾಕಾಶದ ಮೊದಲ ವೆಲ್ಡಿಂಗ್ ಪ್ರಯೋಗ ಆಯ್ತು, ಅದರಲ್ಲಿ ಎಲೆಕ್ಟ್ರಾನ್ ಕಿರಣವೂ ಇತ್ತು, ಯಂತ್ರ ಮಾಡಿದ್ದು ಕೀವ್ ನಗರದ ಪಾಟನ್ ಸಂಸ್ಥೆ. 1984ರ ಜುಲೈನಲ್ಲಿ ಸ್ವೆಟ್ಲಾನಾ ಸವಿಟ್ಸ್ಕಾಯಾ ಸಲ್ಯೂತ್ 7 ನಿಲ್ದಾಣದ ಹೊರಗೆ ನಿಂತು ಕೈಯಲ್ಲೇ ಎಲೆಕ್ಟ್ರಾನ್ ಗನ್ ಹಿಡಿದು ಲೋಹ ಕತ್ತರಿಸಿ ಬೆಸೆದ್ರು. ಬಾಹ್ಯಾಕಾಶದಲ್ಲಿ ನಡೆದ ಮೊದಲ ಮಹಿಳೆ ಅಂತ ಎಲ್ಲ ಕಡೆ ಬರೀತಾರೆ, ಹೋಗಿದ್ದು ವೆಲ್ಡಿಂಗ್ ಕೆಲಸಕ್ಕೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ, ನಂಗೆ ಅದೊಂದು ಬೇಜಾರು.

ಇದೇ ಎಲೆಕ್ಟ್ರಾನ್ ಕಿರಣದ ಕರೆಂಟು ತೀರಾ ಇಳಿಸಿ, ಚುಕ್ಕೆಯನ್ನ ಕೆಲವೇ ನ್ಯಾನೋಮೀಟರಿಗೆ ತಂದ್ರೆ ಅದು ಬೆಸುಗೆ ಹಾಕಲ್ಲ, ಬರೆಯುತ್ತೆ. ಕಂಪ್ಯೂಟರ್ ಚಿಪ್ಪು ಮಾಡೋ ಸಿಲಿಕಾನ್ ಮೇಲೆ ರೆಸಿಸ್ಟ್ ಅನ್ನೋ ಪ್ಲಾಸ್ಟಿಕ್ಕಿನ ತೆಳು ಪದರ ಬಳಿದಿರ್ತಾರೆ, ಅಕ್ರಿಲಿಕ್ ಶೀಟು ಇರುತ್ತಲ್ಲ, ಅದೇ ಪಾಲಿಮರ್. ಎಲೆಕ್ಟ್ರಾನ್ ಬಿದ್ದ ಕಡೆ ಅದರ ಉದ್ದನೆ ಸರಪಳಿಗಳು ತುಂಡಾಗುತ್ತೆ, ದ್ರಾವಣದಲ್ಲಿ ಅದ್ದಿದ್ರೆ ಅಷ್ಟು ಭಾಗ ಮಾತ್ರ ತೊಳೆದು ಹೋಗುತ್ತೆ. 1959ರಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಒಂದು ಪುಟವನ್ನ 25,000 ಪಟ್ಟು ಕುಗ್ಗಿಸಿ ಬರೆದವರಿಗೆ 1000 ಡಾಲರ್ ಕೊಡ್ತೀನಿ ಅಂತ ಪಂಥ ಕಟ್ಟಿದ್ರು, 1985ರಲ್ಲಿ ಸ್ಟಾನ್‌ಫರ್ಡಿನ ಟಾಮ್ ನ್ಯೂಮನ್ ಅನ್ನೋ ವಿದ್ಯಾರ್ಥಿ ಒಂದು ಕಾದಂಬರಿಯ ಮೊದಲ ಪುಟವನ್ನ ಎಲೆಕ್ಟ್ರಾನ್ ಕಿರಣದಲ್ಲಿ ಸುಮಾರು 6 ಮೈಕ್ರಾನ್ ಅಗಲಕ್ಕೆ ಬರೆದು ಆ ದುಡ್ಡು ಗೆದ್ದ. ಬರೆದಿದ್ದೇನೋ ಆಯ್ತು, ಆಮೇಲೆ ಅಷ್ಟು ದೊಡ್ಡ ಖಾಲಿ ಜಾಗದಲ್ಲಿ ಆ ಪುಟ ಎಲ್ಲಿದೆ ಅಂತ ಹುಡುಕೋದೇ ಕಷ್ಟ ಆಯ್ತಂತೆ.

ಇಲ್ಲೂ ಗೋಳು ಅದೇ, ಕಿರಣ ಒಳಗೆ ಹೋದ್ಮೇಲೆ ಏನಾಗುತ್ತೆ ಅನ್ನೋದು. ಚುಕ್ಕೆ ನ್ಯಾನೋಮೀಟರಿನಷ್ಟು ಚೂಪು ಇರಬಹುದು, ಆದ್ರೆ ಎಲೆಕ್ಟ್ರಾನು ರೆಸಿಸ್ಟ್ ದಾಟಿ ಕೆಳಗಿನ ಸಿಲಿಕಾನಿಗೆ ಹೋಗಿ, ಅಲ್ಲಿ ಪರಮಾಣುಗಳಿಗೆ ಬಡಿದು ತಿರುಗಿ ಮೇಲೆ ಬರುತ್ತೆ, ಎಲ್ಲೋ ದೂರದಲ್ಲಿ. 100 ಕಿಲೋವೋಲ್ಟ್ ಕಿರಣ ಆದ್ರೆ ಸುಮಾರು 30 ಮೈಕ್ರಾನ್ ದೂರದವರೆಗೆ, ಅಂದ್ರೆ ಚುಕ್ಕೆಯ ಸಾವಿರಾರು ಪಟ್ಟು. ಹೀರುಕಾಗದದ ಮೇಲೆ ಶಾಯಿ ಹರಡಿದ ಹಾಗೆ. ಹತ್ತಿರ ಹತ್ತಿರ ಗೆರೆ ಎಳೆದ್ರೆ ಒಂದರ ಚೆಲ್ಲು ಇನ್ನೊಂದರ ಮೇಲೆ ಬಿದ್ದು ನಡುವಿನ ಜಾಗವೂ ತೊಳೆದು ಹೋಗುತ್ತೆ, ಒಂಟಿ ಗೆರೆಗೆ ಮಾತ್ರ ಡೋಸ್, ಅಂದ್ರೆ ಬೀಳೋ ಎಲೆಕ್ಟ್ರಾನಿನ ಪ್ರಮಾಣ, ಸಾಲದೇ ಹೋಗುತ್ತೆ. ಪ್ರಾಕ್ಸಿಮಿಟಿ ಎಫೆಕ್ಟ್ ಅಂತಾರೆ. ಹಂಗಾದ್ರೆ ವೋಲ್ಟೇಜು ಕಮ್ಮಿ ಮಾಡಿದ್ರೆ ಸರಿಹೋಗುತ್ತೆ ಅಂತ ಅನ್ಸುತ್ತೆ, ಬಹುತೇಕ ಎಲ್ಲರೂ ಮಾಡೋದು ಉಲ್ಟಾ, ಏರಿಸ್ತಾರೆ. ಜಾಸ್ತಿ ದೂರ ಚೆದುರಿದ್ರೆ ಅದು ತೆಳ್ಳಗೆ ಎಲ್ಲ ಕಡೆ ಸಮವಾಗಿ ಬೀಳುತ್ತೆ, ಸಮವಾಗಿ ಬಿದ್ದಿದ್ದನ್ನ ಲೆಕ್ಕದಲ್ಲಿ ಕಳೆಯೋದು ಸುಲಭ. ಎಲ್ಲಿ ಎಷ್ಟು ಡೋಸ್ ಕಮ್ಮಿ ಮಾಡ್ಬೇಕು ಅಂತ ಕಂಪ್ಯೂಟರು ಮೊದಲೇ ಎಣಿಸಿಡುತ್ತೆ.

ಒಂದೇ ಪೆನ್ನಲ್ಲಿ ಬರೆಯೋ ಕೆಲಸ ಅಂದ್ಮೇಲೆ ನಿಧಾನ ಇದ್ದೇ ಇರುತ್ತೆ, ಅದಕ್ಕೆ ಪ್ರತಿ ಚಿಪ್ಪನ್ನೂ ಹೀಗೆ ಬರೆಯೋಕೆ ಕೂರಲ್ಲ, ಅಚ್ಚಿನ ಹಾಗಿರೋ ಮಾಸ್ಕನ್ನ ಒಂದು ಸಲ ಎಲೆಕ್ಟ್ರಾನಲ್ಲಿ ಬರೆದು ಉಳಿದಿದ್ದನ್ನ ಬೆಳಕಿನಿಂದ ಮುದ್ರಿಸ್ತಾರೆ. ಆ ಮಾಸ್ಕ್ ಬರೆಯೋಕೂ ಈಗ 2,62,144 ಕಿರಣಗಳು ಒಟ್ಟಿಗೆ ಕೆಲಸ ಮಾಡೋ ಯಂತ್ರ ಬಂದಿದೆ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ, ಸಮಯ ಆಯ್ತು ಅಂತ ಗಾಜಿನ ಆ ಕಡೆಯಿಂದ ಕೈ ತೋರಿಸ್ತಿದ್ದಾರೆ. ಆಗ ಬಿಲ ಕುಸಿಯುತ್ತೆ ಅಂದ್ನಲ್ಲ, ಅದನ್ನ ತಡೆಯೋಕೆ ಲೇಸರಿನ ಒಂದೇ ಚುಕ್ಕೆ ಬದಲು ನಡುವೆ ಒಂದು ಚುಕ್ಕೆ, ಸುತ್ತ ಒಂದು ಉಂಗುರ ಬರೋ ಹಾಗೆ ಬೆಳಕನ್ನ ಹಂಚ್ತಾರೆ, ಆಗ ಬಿಲದ ಬಾಯಿ ಅಗಲವಾಗಿ ಆವಿ ಸಲೀಸಾಗಿ ಹೊರಗೆ ಹೋಗುತ್ತೆ, ಚಿಮ್ಮೋ ಹನಿಗಳೂ ಕಮ್ಮಿಯಾಗುತ್ತೆ. ಹಾಗೆ ಹಂಚೋಕೆ ಇರೋ ಒಂದು ದಾರಿ ಅಂದ್ರೆ ಒಂದು ಗಾಜಿನ ಬಿಲ್ಲೆ, ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೆಟ್ಟಿಲು ಮೆಟ್ಟಿಲಾಗಿ ಗೀರಿರ್ತಾರೆ, ಬೆಳಕು ಅದರಲ್ಲಿ ಹಾದುಹೋದಾಗ ಬೇಕಾದ ಆಕಾರಕ್ಕೆ ಬಾಗುತ್ತೆ. ಆ ಮೆಟ್ಟಿಲುಗಳ ನಕ್ಷೆಯನ್ನ ಎಷ್ಟೋ ಸಲ ಬರೆಯೋದು ಇದೇ ಎಲೆಕ್ಟ್ರಾನ್ ಕಿರಣ. ನಮಸ್ಕಾರ.