ಹೊಡೆದ ಔಷಧಿಯ ಲೆಕ್ಕ ಯಾರ ಹತ್ತಿರ ಇದೆ?

ನಮಸ್ಕಾರ. ಇವತ್ತು ಹುಲ್ಲಿಗೆ ಹೊಡೆಯುವ ಔಷಧಿ ಬಗ್ಗೆ ಮಾತಾಡೋಣ. ಮುಖ್ಯವಾಗಿ ಗ್ಲೈಫೋಸೇಟ್. ಅಂಗಡಿಯಲ್ಲಿ ರೌಂಡಪ್ ಅಂತ ಕೇಳಿದರೆ ಯಾವುದಾದರೂ ಕಂಪನಿಯ ಕ್ಯಾನ್ ಕೊಡುತ್ತಾರಲ್ಲ, ಅದೇ. ಅಡಿಕೆ ತೋಟ, ಗದ್ದೆ ಬದು, ರಸ್ತೆ ಪಕ್ಕ, ಎಲ್ಲ ಕಡೆ ಹೊಡೆಯುತ್ತಾರೆ. ಕಳೆ ಕೀಳಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಟ್ಟು ಪೂರೈಸುವುದಿಲ್ಲ. ಹಾಗಾಗಿ ರೈತರನ್ನು ಬೈಯಲು ನಾನಿಲ್ಲಿ ಕೂತಿಲ್ಲ.

ನನ್ನ ತಕರಾರು ಬೇರೆ. "ಇದರಿಂದ ಮನುಷ್ಯರಿಗೆ ಏನೂ ಆಗಲ್ಲ" ಅನ್ನುತ್ತಾರೆ. ಕಾರಣವೂ ಕೊಡುತ್ತಾರೆ. ಗ್ಲೈಫೋಸೇಟ್ ಗಿಡದೊಳಗಿನ ಒಂದು ಕಿಣ್ವವನ್ನು, ಅಂದರೆ ಎಂಜೈಮನ್ನು, ತಡೆಯುತ್ತದೆ, ಆ ಕಿಣ್ವ ನಮ್ಮ ಮೈಯಲ್ಲಿ ಇಲ್ಲವೇ ಇಲ್ಲ ಅಂತ. ನಿಜ. ಆದರೆ ನಮ್ಮ ಕರುಳಿನ ಎಷ್ಟೋ ಬ್ಯಾಕ್ಟೀರಿಯಾಗಳಲ್ಲಿ ಅದು ಇದೆ. ಆ ಬ್ಯಾಕ್ಟೀರಿಯಾಗಳು ಮಗುವಿನ ಕರುಳಲ್ಲಿ ನೆಲೆ ನಿಲ್ಲುವುದು ಮೊದಲ ಎರಡು ಮೂರು ವರ್ಷದಲ್ಲಿ. ಯಾವುದರ ಮೇಲೆ ಜಗಳಕ್ಕೆ ಹೋಗಬೇಕು, ಯಾವುದನ್ನು ಸುಮ್ನೆ ಬಿಡಬೇಕು ಅಂತ ರೋಗನಿರೋಧಕ ವ್ಯವಸ್ಥೆ ಕಲಿಯುವುದೂ ಆಗಲೇ, ಅವುಗಳ ಜೊತೆಗೇ. ಮಿದುಳೂ ಅದೇ ಹೊತ್ತಿಗೆ ಬೆಳೆಯುತ್ತಿರುತ್ತದೆ. ಮಿದುಳಿಗೆ ತನ್ನದೇ ರೋಗನಿರೋಧಕ ಕಾವಲು ಕೋಶಗಳಿವೆ, ಮೈಕ್ರೋಗ್ಲಿಯಾ ಅಂತ. ಬೇಡದ ನರಸಂಪರ್ಕಗಳನ್ನು ಸವರಿ ಹಾಕುವುದು ಅವುಗಳದೇ ಕೆಲಸ. ಎಳೆ ಮಗುವಿನಲ್ಲಿ ಮಿದುಳನ್ನೂ ರೋಗನಿರೋಧಕ ಶಕ್ತಿಯನ್ನೂ ಬೇರೆ ಬೇರೆ ಇಟ್ಟು ನೋಡಲು ಆಗುವುದಿಲ್ಲ.

2022ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಇಲಿಗಳಿಗೆ ಗ್ಲೈಫೋಸೇಟ್ ಕೊಟ್ಟು ನೋಡಿದರು. ಅದು ಮಿದುಳಿಗೆ ಸೇರಿತ್ತು, ಉರಿಯೂತದ ಗುರುತೂ ಏರಿತ್ತು. ಕೊಟ್ಟ ಪ್ರಮಾಣ ದೊಡ್ಡದು, ಇಲಿಯ ಮಾತನ್ನು ಮಗುವಿಗೆ ಹಾಗೇ ಹೊಂದಿಸಬಾರದು. ವಾಟ್ಸಾಪ್‌ನಲ್ಲಿ ಅದನ್ನೇ ಮಾಡುತ್ತಾರೆ, ಅದು ಬೇರೆ ವಿಷಯ.

ಮನುಷ್ಯರ ಲೆಕ್ಕ ನೋಡಬೇಕು ಅಂದರೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. 2019ರಲ್ಲಿ ಬಂದ ಅಧ್ಯಯನ. ಆಟಿಸಂ, ಅಂದರೆ ಮಾತು, ಒಡನಾಟ ಬೇರೆ ರೀತಿ ಬೆಳೆಯುವ ಸ್ಥಿತಿ, ಇದ್ದ 2,961 ಮಕ್ಕಳನ್ನು ಉಳಿದ ಮಕ್ಕಳ ಜೊತೆ ಹೋಲಿಸಿದರು. ತಾಯಿ ಬಸುರಿಯಾಗಿದ್ದಾಗ ಮನೆಯಿಂದ 2 ಕಿಲೋಮೀಟರ್ ಒಳಗೆ ಗ್ಲೈಫೋಸೇಟ್ ಹೊಡೆದಿದ್ದರೆ ಆಟಿಸಂ ಸಾಧ್ಯತೆ ಸುಮಾರು 16% ಜಾಸ್ತಿ ಕಂಡಿತು. ಇದರಿಂದಲೇ ಆಯಿತು ಅಂತ ಅದು ಹೇಳುವುದಿಲ್ಲ. ಎರಡೂ ಒಟ್ಟಿಗೆ ಕಾಣುತ್ತಿವೆ ಅನ್ನುತ್ತದೆ, ಅಷ್ಟೇ. ನನಗೆ ಆ ಅಂಕಿಗಿಂತ ದೊಡ್ಡದಾಗಿ ಕಂಡಿದ್ದು ಅದನ್ನು ಅವರು ಲೆಕ್ಕ ಹಾಕಿದ ರೀತಿ. 1990ರಿಂದ ಅಲ್ಲಿ ಹೊಲಕ್ಕೆ ಯಾವ ಔಷಧಿ, ಎಷ್ಟು, ಎಲ್ಲಿ, ಯಾವತ್ತು ಹೊಡೆದರು ಅಂತ ಸರ್ಕಾರಕ್ಕೆ ವರದಿ ಕೊಡಲೇಬೇಕು. ಆ ದಾಖಲೆ ಇದ್ದಿದ್ದಕ್ಕೇ ಈ ಪ್ರಶ್ನೆ ಕೇಳಲು ಆಯಿತು.

ನಮ್ಮಲ್ಲಿ? 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಲೈಸೆನ್ಸ್ ಇರುವ ಕೀಟ ನಿಯಂತ್ರಣದವರು ಮಾತ್ರ ಗ್ಲೈಫೋಸೇಟ್ ಹೊಡೆಯಬೇಕು ಅಂತ. ನಿಮ್ಮ ಊರಲ್ಲಿ ಅಂಥವರು ಬಂದು ಹೊಡೆದಿದ್ದನ್ನು ನೋಡಿದ್ದೀರಾ? ಕೂಲಿಗೆ ಬಂದವರೇ ಬರಿಗಾಲಲ್ಲಿ ಹೊಡೆಯುತ್ತಾರೆ, ಅಲ್ವಾ? ಯಾರೂ ಎಲ್ಲೂ ಬರೆದಿಡುವುದಿಲ್ಲ. ಆಮೇಲೆ "ಇಲ್ಲಿ ತೊಂದರೆ ಆಗಿದ್ದಕ್ಕೆ ಪುರಾವೆ ಇಲ್ಲ" ಅಂದುಬಿಡುತ್ತಾರೆ. ಎಲ್ಲಿಂದ ಬರಬೇಕು ಪುರಾವೆ?

ಎಂಡೋಸಲ್ಫಾನ್ ನೆನಪಿದೆಯಲ್ಲ. ಅದು ಕೀಟನಾಶಕ, ಕಳೆನಾಶಕ ಅಲ್ಲ. ಆದರೂ ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರ್‌ನಿಂದ ಸುರಿದು, ಕೊನೆಗೆ ಇಡೀ ದೇಶದಲ್ಲಿ ಆ ಔಷಧಿಯನ್ನೇ ಸುಪ್ರೀಂ ಕೋರ್ಟ್ ತಡೆದಿದ್ದು 2011ರಲ್ಲಿ. ಅಷ್ಟರಲ್ಲಿ ಆ ಔಷಧಿ ಬಿದ್ದ ಊರುಗಳಲ್ಲೇ ಮಕ್ಕಳು ಹುಟ್ಟಿ ಬೆಳೆದಿದ್ದರು.

ನಾನು ಕೇಳುತ್ತಿರುವುದು ನಿಷೇಧ ಅಲ್ಲ. ಗರ್ಭಿಣಿಯರಿಗೆ ತಾಯಿ ಕಾರ್ಡ್ ಕೊಡುತ್ತಾರಲ್ಲ, ತೂಕ, ರಕ್ತ ಎಲ್ಲ ಬರೆಯುತ್ತಾರೆ. ಅದರಲ್ಲಿ ಒಂದು ಸಾಲು ಸೇರಿಸಿ: ಈ ತಿಂಗಳು ಮನೆ ಹತ್ತಿರ ಕಳೆ ಔಷಧಿ ಹೊಡೆದರಾ, ನೀವು ಹೊಡೆದಿರಾ? ಅಂಗಡಿಯವರು ಮಾರಿದ ಕ್ಯಾನ್‌ಗಳ ಲೆಕ್ಕ ಊರುವಾರು ಪಂಚಾಯ್ತಿಗೂ ಬರಲಿ. ಆಶಾ ಕಾರ್ಯಕರ್ತೆಯರಿಗೆ ಈಗಲೇ ಕೆಲಸ ಜಾಸ್ತಿ, ಗೊತ್ತು. ಅದಕ್ಕೆ ಸಂಬಳವನ್ನೂ ಕೊಡಿ.

ಅಲ್ಲಿಯವರೆಗೆ ಮನೆಯಲ್ಲಿ ಆಗುವಷ್ಟು ಮಾಡಿ. ಬಸುರಿ, ಬಾಣಂತಿಯರನ್ನು ಹೊಡೆಯುವ ಕೆಲಸಕ್ಕೆ ಕಳಿಸಬೇಡಿ. ಹೊಡೆದು ಬಂದವರು ಸ್ನಾನ ಮಾಡದೆ ಮಗುವನ್ನು ಎತ್ತಿಕೊಳ್ಳಬೇಡಿ, ಆ ಬಟ್ಟೆ ಬೇರೆ ಒಗೆಯಿರಿ. ಅಂಗನವಾಡಿ ಅಂಗಳದ ಹುಲ್ಲನ್ನು ಕತ್ತಿಯಲ್ಲೇ ಸವರಿಸಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಲೆಕ್ಕದ ಮಾತು ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ.