ಪೂರುವಿನ ವಯಸ್ಸು ಎಷ್ಟು?

ಕೇಳುಗರಿಗೆ ನಮಸ್ಕಾರ.

ನಾಟಕ ಬರೆಯಲು ಆಗಷ್ಟೇ ಕೈ ಹಚ್ಚಿದ್ದ ಒಬ್ಬ ಹುಡುಗನ ಬಗ್ಗೆ ಮಾತನಾಡಬೇಕೆಂದು ಬಂದಿದ್ದೇನೆ. ಊರು ಧಾರವಾಡ. ಓದಿದ್ದು ಬಾಸೆಲ್ ಮಿಶನ್ ಶಾಲೆಯಲ್ಲಿ, ಆಮೇಲೆ ಕರ್ನಾಟಕ ಕಾಲೇಜಿನಲ್ಲಿ. ಆರಿಸಿಕೊಂಡ ವಿಷಯ ಗಣಿತ ಮತ್ತು ಸಂಖ್ಯಾಶಾಸ್ತ್ರ. ಆಗಬೇಕೆಂದಿದ್ದದ್ದು ಇಂಗ್ಲಿಷ್ ಕವಿ. ಬರೆದದ್ದು ಕನ್ನಡ ನಾಟಕ. ಇಸವಿ 1960, ವಯಸ್ಸು 22. ಹೆಸರು ಗಿರೀಶ ಕಾರ್ನಾಡ.

ಮುಂದೆ ಆತ ಏನೇನಾದ ಎಂಬುದು ನಿಮಗೆ ಗೊತ್ತು. ಅದನ್ನೆಲ್ಲ ಈ ಹೊತ್ತು ಮರೆತುಬಿಡೋಣ. ಜ್ಞಾನಪೀಠದ ಎತ್ತರದಿಂದ ನೋಡಿದರೆ ಮೊದಲ ನಾಟಕ ಮೊದಲ ಮೆಟ್ಟಿಲಿನಂತೆ ಕಾಣುತ್ತದೆ. ಬರೆದ ದಿನ ಅದು ಮೆಟ್ಟಿಲಾಗಿರಲಿಲ್ಲ, ಹುಡುಗನ ಕೈಯಲ್ಲಿದ್ದ ಸರಕು ಅಷ್ಟೇ. ಏಕವಚನದಲ್ಲಿ ಮಾತನಾಡುತ್ತಿರುವುದಕ್ಕೆ ಹಿರಿಯರು ಕ್ಷಮಿಸಬೇಕು. 22ರ ಹುಡುಗನಿಗೆ ಬಹುವಚನ ಹಚ್ಚಿದರೆ ಅವನ ಅಂಜಿಕೆ ಕಾಣದಂತಾಗುತ್ತದೆ.

ಅಂಜಿಕೆ ಏನು? ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿತ್ತು, ಆಕ್ಸ್‌ಫರ್ಡಿಗೆ ಹೋಗಬೇಕು. ಮನೆಯವರಿಗೆ ಸಂತೋಷ, ಸಂತೋಷದ ಹಿಂದೆಯೇ ದಿಗಿಲು. ಹೋದವನು ಅಲ್ಲಿಯೇ ಉಳಿದರೆ? ಅಲ್ಲಿಯ ಹುಡುಗಿಯನ್ನೇ ಮದುವೆಯಾದರೆ? ಇಂಥ ಮಾತುಗಳ ನಡುವೆ ಹುಡುಗ ಮಹಾಭಾರತದ ಯಯಾತಿಯ ಕಥೆಯನ್ನು ಹಿಡಿದುಕೊಂಡು ಕುಳಿತ. ಮಗನ ಯೌವನವನ್ನು ಕೇಳಿ ಪಡೆದ ತಂದೆಯ ಕಥೆ! ಬರೆಯುವಾಗ ಅದು ಮನೆಯ ಒತ್ತಡದಿಂದ ತಪ್ಪಿಸಿಕೊಳ್ಳುವ ದಾರಿ ಎಂದಷ್ಟೇ ಅನಿಸಿತ್ತಂತೆ. ತನ್ನ ನಾಳೆಯನ್ನು ಬಿಟ್ಟುಕೊಡು ಎಂದು ಕೇಳುತ್ತಿದ್ದವರ ಮೇಲಿನ ಸಿಟ್ಟೇ ಅಲ್ಲಿ ಬಂದು ಕುಳಿತಿದೆ ಎಂಬುದು ಬಹಳ ವರ್ಷಗಳ ಮೇಲೆ ಹೊಳೆಯಿತು ಎಂದು ಅವರೇ ಹೇಳಿದ್ದಾರೆ. ಹೊಳೆದ ವಯಸ್ಸಿಗೆ ಬಹುವಚನ ಸಲ್ಲುತ್ತದೆ.

ನಾಟಕದ ಹಸ್ತಪ್ರತಿ ಹೋದದ್ದು ಧಾರವಾಡದ ಸುಭಾಸ ರಸ್ತೆಯ ಅಟ್ಟಕ್ಕೆ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟ ಅದು. ಅಲ್ಲಿ ಅದನ್ನು ನಡೆಸುತ್ತಿದ್ದ ಜಿ. ಬಿ. ಜೋಶಿ ಇದ್ದರು, ಗದುಗಿನ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಇದ್ದರು. ನಮ್ಮ ಊರುಗಳಲ್ಲಿ ಅಟ್ಟ ಎಂದರೆ ಹಳೆಯ ಪಾತ್ರೆ, ಮುರಿದ ತೊಟ್ಟಿಲು ಇಡುವ ಜಾಗ. ಧಾರವಾಡದವರು ಮಾತ್ರ ಅಲ್ಲಿ ಸಾಹಿತಿಗಳನ್ನು ಕೂಡಿಸಿದರು. 1961ರಲ್ಲಿ 'ಯಯಾತಿ' ಅಲ್ಲಿಂದ ಅಚ್ಚಾಗಿ ಹೊರಬಂದಾಗ ಬರೆದವನು ಇಂಗ್ಲೆಂಡಿನಲ್ಲಿದ್ದ. ಪುಸ್ತಕ ಪ್ರಕಟವಾಗುತ್ತದೆ ಎಂಬ ಸುದ್ದಿಯೇ ಅವನನ್ನು ಊರಿಗೆ ಹಿಂದಿರುಗುವಂತೆ ಮಾಡಿತು ಎನ್ನುತ್ತಾರೆ. ಅಂದರೆ ತಂದೆತಾಯಿಯ ಚಿಂತೆಗೆ ಉತ್ತರ ಕೊಟ್ಟದ್ದು ತಂದೆಯ ಮೇಲೆ ಸಿಟ್ಟಾಗಿ ಬರೆದ ನಾಟಕವೇ.

ಈಗ ನನ್ನ ಪಾಲಿನ 'ಯಯಾತಿ'. ಕಾಲೇಜಿನಲ್ಲಿದ್ದಾಗ ನಾವು ಈ ನಾಟಕ ಆಡಿದೆವು. ನನಗೆ ಬಂದ ಪಾತ್ರ ದಾಸಿ ಸ್ವರ್ಣಲತೆಯದು. ಯಯಾತಿಯ ಮಗ ಪೂರುವಿನ ಹೆಂಡತಿ ಚಿತ್ರಲೇಖೆಯ ಪಾತ್ರ ಬೇರೊಬ್ಬಳಿಗೆ ಹೋಯಿತು. ಅವಳ ಜಡೆ ಉದ್ದವಿತ್ತು ಎಂಬುದೊಂದೇ ಕಾರಣ ಎಂದು ನಾನು ಇಂದಿಗೂ ನಂಬಿದ್ದೇನೆ. ಪಾತ್ರ ಸಿಗದ ಹೊಟ್ಟೆಕಿಚ್ಚಿನಲ್ಲಿ ಅವಳ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದೆ. ಅದರಿಂದ ಒಳ್ಳೆಯದೇ ಆಯಿತು.

ಯಾಕೆಂದರೆ ಚಿತ್ರಲೇಖೆ ಮಹಾಭಾರತದವಳಲ್ಲ. ಅಲ್ಲಿ ಯಯಾತಿಗೆ ಐವರು ಗಂಡುಮಕ್ಕಳು. ಶುಕ್ರಾಚಾರ್ಯರ ಶಾಪದಿಂದ ಬಂದ ಮುಪ್ಪನ್ನು ನಾಲ್ವರು ಒಲ್ಲೆ ಎಂದರು, ಕಿರಿಯ ಪೂರು ಒಪ್ಪಿಕೊಂಡ. ತಂದೆ ಸಾವಿರ ವರ್ಷ ಸುಖಪಟ್ಟು, ಸಾಕೆನಿಸಿ, ಯೌವನವನ್ನು ಮರಳಿ ಕೊಟ್ಟ, ಜೊತೆಗೆ ಸಿಂಹಾಸನವನ್ನೂ ಕೊಟ್ಟ. ಬಡ್ಡಿ ಸಹಿತ ಸಾಲ ತೀರಿಸಿದ ಹಾಗೆ. ಈ ಲೆಕ್ಕ ಸಂಖ್ಯಾಶಾಸ್ತ್ರದ ಹುಡುಗನಿಗೆ ಸರಿಬರಲಿಲ್ಲ. ಆತ ಪೂರುವಿಗೆ ಮದುವೆ ಮಾಡಿದ. ಹೊಸದಾಗಿ ಮನೆ ತುಂಬಿದ ಹೆಣ್ಣೊಬ್ಬಳನ್ನು ಕಥೆಯೊಳಗೆ ತಂದು ನಿಲ್ಲಿಸಿದ ಕೂಡಲೇ ತ್ಯಾಗದ ಬಣ್ಣ ಬದಲಾಯಿತು. ಗಂಡ ತನ್ನ ಯೌವನವನ್ನಷ್ಟೇ ಕೊಟ್ಟೆ ಎಂದುಕೊಂಡಿದ್ದಾನೆ. ಅದರಲ್ಲಿ ಅರ್ಧ ಅವಳದಾಗಿತ್ತು, ಅವಳನ್ನು ಯಾರೂ ಕೇಳಿರಲಿಲ್ಲ.

ಅವಳು ನೇರವಾಗಿ ಮಾವನ ಎದುರು ನಿಲ್ಲುತ್ತಾಳೆ. ನಾನು ಮದುವೆಯಾದ ಯೌವನ ಈಗ ನಿಮ್ಮಲ್ಲಿದೆ, ಹಾಗಾದರೆ ನನ್ನನ್ನೂ ನೀವೇ ಸ್ವೀಕರಿಸಿ ಎಂಬರ್ಥದ ಮಾತು ಆಡುತ್ತಾಳೆ. ತಾಲೀಮಿನಲ್ಲಿ ಆ ಮಾತು ಬಂದಾಗಲೆಲ್ಲ ಹುಡುಗರು ನೆಲ ನೋಡುತ್ತಿದ್ದರು. ನಮ್ಮ ನಿರ್ದೇಶಕರು ಅದನ್ನು ಕತ್ತರಿಸಲು ಹೋದರು. ಜಡೆಯ ಹುಡುಗಿ ಒಪ್ಪಲಿಲ್ಲ. ಅವಳ ಬಗೆಗಿನ ನನ್ನ ಹೊಟ್ಟೆಕಿಚ್ಚು ಅಂದಿಗೆ ಮುಗಿಯಿತು.

ಚಿತ್ರಲೇಖೆ ಎಂಬ ಹೆಸರು ನಮ್ಮ ಭಾಗದ ರಂಗಭೂಮಿಗೆ ಹಳೆಯದು. ಗದುಗಿನಲ್ಲಿ 1870ರ ದಶಕದಲ್ಲಿ ನಾಟಕ ಮಂಡಳಿ ಕಟ್ಟಿದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, 'ಉಷಾಹರಣ' ಬರೆದರು. ಕನಸಿನಲ್ಲಿ ಕಂಡ ಹುಡುಗನಿಗಾಗಿ ಉಷೆ ಹಂಬಲಿಸುತ್ತಾಳೆ. ಅವನು ಯಾರೆಂದು ಚಿತ್ರ ಬರೆದು ತೋರಿಸಿ, ಅವನನ್ನು ಎತ್ತಿ ತರುವ ಗೆಳತಿಯ ಹೆಸರು ಚಿತ್ರಲೇಖೆ. ಆ ಚಿತ್ರಲೇಖೆ ಇನ್ನೊಬ್ಬರ ಪ್ರೀತಿಯನ್ನು ಕೂಡಿಸಿದಳು. ಈ ಚಿತ್ರಲೇಖೆ ತನ್ನದನ್ನು ಉಳಿಸಿಕೊಳ್ಳಲಾಗದೆ ವಿಷ ಕುಡಿಯುತ್ತಾಳೆ. ಕಾರ್ನಾಡರು ಬೇಕೆಂದೇ ಆ ಹೆಸರಿಟ್ಟರೆಂದು ನಾನು ಹೇಳುತ್ತಿಲ್ಲ. ನನಗೆ ಆ ಇಬ್ಬರೂ ಜೊತೆಯಾಗಿಯೇ ನೆನಪಾಗುತ್ತಾರೆ, ಅಷ್ಟೇ.

ನಾಟಕದಲ್ಲಿ ಕೊರತೆ ಇಲ್ಲವೆಂದಲ್ಲ. ಮಾತು ಹೆಚ್ಚು. ಪ್ರತಿಯೊಬ್ಬರೂ ಜಾಣರು, ದಾಸಿಯೂ ಜಾಣೆ. ಆ ವಯಸ್ಸಿನಲ್ಲಿ ಗೊತ್ತಿರುವುದನ್ನೆಲ್ಲ ಒಂದೇ ನಾಟಕದಲ್ಲಿ ಹೇಳಿಬಿಡಬೇಕೆಂಬ ಅವಸರ ಇರುತ್ತದೆ, ಇನ್ನೊಂದು ಬರೆಯುತ್ತೇನೆಂಬ ಭರವಸೆ ಇರುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ಇಲ್ಲಿ ನಡೆಯುವುದು ಹೆಚ್ಚಾಗಿ ವ್ಯವಹಾರ. ಯಯಾತಿಗೆ ಶಾಪ ತಗಲಲು ಕಾರಣಳಾದ ಶರ್ಮಿಷ್ಠೆ ಒಬ್ಬಳು ಬೇರೆ. ಶಾಪವನ್ನು ಒಪ್ಪಿಕೊಳ್ಳಿ, ಕಾಡಿಗೆ ಹೋಗೋಣ ಎಂದು ಅವಳು ಯಯಾತಿಗೆ ಹೇಳುತ್ತಾಳೆ. ಮುದುಕನಾಗಲಿರುವ ಗಂಡಸಿನ ಜೊತೆ ಹೊರಡಲು ಸಿದ್ಧಳಾದವಳು ಅವಳೊಬ್ಬಳೇ. 20ರ ವಯಸ್ಸಿನಲ್ಲಿ ನನಗೆ ಆ ಸಾಲು ಕಂಡೇ ಇರಲಿಲ್ಲ.

ಮುಂದೆ ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇದೇ ನಾಟಕವನ್ನು ಪಾಠ ಮಾಡಿದೆ. ಕೊನೆಯ ಬೆಂಚಿನಲ್ಲಿ ಬ್ಯಾಡಗಿ ಕಡೆಯ ಒಬ್ಬ ಹುಡುಗ. ಸೋಮವಾರ ಮತ್ತು ಗುರುವಾರ ಗೈರುಹಾಜರಿ. ಆ ಎರಡು ದಿನ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಬಂದ ದಿನಗಳಲ್ಲಿಯೂ ಅವನ ಅಂಗಿಯಿಂದ ಮೆಣಸಿನ ಘಾಟು ಬಡಿದು ಮುಂದಿನ ಬೆಂಚಿನವರು ಸೀನುತ್ತಿದ್ದರು. ಯಯಾತಿಯನ್ನು ನಾನು ಚೆನ್ನಾಗಿ ಬೈದೆ. ಸ್ವಾರ್ಥಿ, ಲಂಪಟ, ಮಗನನ್ನು ತಿಂದವನು ಎಂದೆಲ್ಲ ಹೇಳಿದೆ. ವಿದ್ಯಾರ್ಥಿಗಳಿಗೆ ಯಯಾತಿಯನ್ನು ಬೈಯುವುದು ಬಹಳ ಇಷ್ಟ. ಮನೆಯಲ್ಲಿ ಹೇಳಲಾಗದ ಮಾತನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳಬಹುದಲ್ಲ.

ಪಾಠ ಮುಗಿದ ಮೇಲೆ ಆ ಹುಡುಗ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. 'ಮೇಡಂ, ಪೂರುವಿಗೆ ಯೌವನ ಮರಳಿ ಬಂತಲ್ಲ, ಆಗ ಅವನ ವಯಸ್ಸು ಎಷ್ಟು?'

ತರಗತಿ ನಕ್ಕಿತು. ಮೊದಲು ಎಷ್ಟಿತ್ತೋ ಅಷ್ಟೇ ಎಂದೆ. ಅವನು ಕುಳಿತುಕೊಳ್ಳಲಿಲ್ಲ. 'ದೇಹದ್ದಲ್ಲ ಮೇಡಂ' ಎಂದ.

ಸಂಜೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ತಾನಾಗಿಯೇ ಹೇಳಿದ. ಅವನ ಅಣ್ಣ ಪಿಯುಸಿ ಎರಡನೆಯ ವರ್ಷದಲ್ಲಿ ಓದು ಬಿಟ್ಟು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದ. ಅಪ್ಪನ ಸಾಲ ತೀರಬೇಕಿತ್ತು, ತಮ್ಮ ಓದಬೇಕಿತ್ತು. ಯಾರೂ ಅವನನ್ನು ಕೇಳಿರಲಿಲ್ಲ, ಅವನೂ ಏನನ್ನೂ ಹೇಳಿರಲಿಲ್ಲ. 'ನನಗೆ ನೌಕರಿ ಸಿಕ್ಕ ಮೇಲೆ ಅಣ್ಣನಿಗೆ ನೀನಿನ್ನು ಓದು ಎನ್ನಬೇಕೆಂದುಕೊಂಡಿದ್ದೆ. ಅವನು ನಗುತ್ತಾನೆ' ಎಂದ. ಸ್ವಲ್ಪ ಹೊತ್ತು ಬಿಟ್ಟು, 'ಅತ್ತಿಗೆ ನಗುವುದಿಲ್ಲ' ಎಂದ.

ಇಷ್ಟು ದಿನ ಇವನು ತನ್ನನ್ನು ಪೂರುವಿನ ಜಾಗದಲ್ಲಿಟ್ಟು ಪಾಠ ಕೇಳುತ್ತಿದ್ದಾನೆ ಎಂದುಕೊಂಡಿದ್ದೆ. ನಾನು ಬೈದದ್ದೆಲ್ಲ ಇವನಿಗೇ ತಾಗಿತ್ತು. ಬೇರೊಬ್ಬರ ಯೌವನ ತೊಟ್ಟುಕೊಂಡು ಕಾಲೇಜಿಗೆ ಬರುತ್ತಿದ್ದವನು ಇವನು. ನಮ್ಮ ಕಡೆ ಹಿರಿಯ ಮಗನಾಗಿ ಹುಟ್ಟಿದವನಿಗೆ ಶಾಪ ಕೊಡಲು ಶುಕ್ರಾಚಾರ್ಯರೇ ಬರಬೇಕಾಗಿಲ್ಲ. ಮಳೆ ಕೈಕೊಟ್ಟರೆ ಸಾಕು, ದರ ಬಿದ್ದರೆ ಸಾಕು. ಕೊಡು ಎಂದು ಕೇಳುವ ಯಯಾತಿಯೂ ಅಲ್ಲಿ ಕಾಣುವುದಿಲ್ಲ, ಹೀಗಾಗಿ ಯಾರ ಮೇಲೆ ಸಿಟ್ಟಾಗಬೇಕೆಂಬುದೂ ತಿಳಿಯುವುದಿಲ್ಲ.

ನಾನೇನು ಕಡಿಮೆಯೇ? ಮಗಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಾಗ, 'ಹುಬ್ಬಳ್ಳಿಯಲ್ಲಿಯೇ ಏನಾದರೂ ನೋಡಬಾರದೇ' ಎಂದು ಮೆಲ್ಲಗೆ ಕೇಳಿದವಳು ನಾನೇ. ಅವಳು ಚೀಲ ತುಂಬುವುದನ್ನು ನಿಲ್ಲಿಸಲಿಲ್ಲ. ಒಳ್ಳೆಯದಾಯಿತು.

ಈ ನಾಟಕವನ್ನು ಕಾರ್ನಾಡರೇ ಇಂಗ್ಲಿಷಿಗೆ ತಂದರು. ಅದು ಪ್ರಕಟವಾದದ್ದು 2008ರಲ್ಲಿ, ಅವರ 70ನೆಯ ವಯಸ್ಸಿನಲ್ಲಿ. ಪೂರುವಿನ ವಯಸ್ಸಿನಲ್ಲಿ ಬರೆದದ್ದನ್ನು ಯಯಾತಿಯ ವಯಸ್ಸಿನಲ್ಲಿ ಕುಳಿತು ಮತ್ತೆ ಬರೆಯುವಾಗ ಪೆನ್ನು ಯಾರ ಕಡೆ ವಾಲಿತ್ತೋ ಎಂದು ಆಗಾಗ ಯೋಚಿಸುತ್ತೇನೆ.

ನನ್ನ ಹಳೆಯ ಪ್ರತಿಯ ರಟ್ಟು ಕಿತ್ತುಹೋಗಿದೆ. ಕೊನೆಯ ಪುಟದ ಅಂಚಿನಲ್ಲಿ, ಅಂದು ಬಸ್ಸಿನಲ್ಲಿ ಕುಳಿತು ಪೆನ್ಸಿಲಿನಲ್ಲಿ ಬರೆದುಕೊಂಡ ಸಾಲು ಇನ್ನೂ ಇದೆ. ಬಸ್ಸು ಕುಲುಕುತ್ತಿದ್ದುದರಿಂದ ಅಕ್ಷರ ಸೊಟ್ಟಗಾಗಿವೆ. 'ಪೂರುವಿನ ವಯಸ್ಸು ಎಷ್ಟು?' ಅದರ ಕೆಳಗೆ ಉತ್ತರಕ್ಕೆಂದು ಎರಡು ಬೆರಳು ಜಾಗ ಬಿಟ್ಟಿದ್ದೆ.

ನಮಸ್ಕಾರ.