ಬೆರಳು ತೋರಿಸಿದವನ ಪಾತ್ರ

ಕೇಳುಗರಿಗೆ ನಮಸ್ಕಾರ.

ಗ್ರೀಸ್ ದೇಶದ ಸಿನಿಮಾದಲ್ಲಿ ಅರ್ತೆಮಿಸ್ ಮಾತ್ಸಾಸ್ ಎಂಬ ಪೋಷಕ ನಟರಿದ್ದರು. ಹುಟ್ಟಿದ್ದು 1930ರಲ್ಲಿ, ತೀರಿಕೊಂಡದ್ದು 2003ರಲ್ಲಿ. ಯುದ್ಧದ ಕಥೆಯಿರುವ ಚಿತ್ರದಲ್ಲಿ ಅವರ ಮುಖ ಕಂಡರೆ ಸಾಕು, ಪ್ರೇಕ್ಷಕರಿಗೆ ಗೊತ್ತಾಗಿಬಿಡುತ್ತಿತ್ತು: ಇವನೇ ‘ಪ್ರೊದೋತಿಸ್’. ಅಂದರೆ ದ್ರೋಹಿ. ತನ್ನವರನ್ನೇ ನಾಜಿಗಳಿಗೆ ಹಿಡಿದುಕೊಟ್ಟವನು. ಆ ಪಾತ್ರ ಅವರನ್ನು ಬಿಡಲೇ ಇಲ್ಲ.

ಮಾತ್ಸಾಸ್ ಯಹೂದಿ ಮೂಲದವರು ಎಂದು ತಿಳಿದ ದಿನ ನನಗೆ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಜರ್ಮನ್ ಸೇನೆ ಗ್ರೀಸಿಗೆ ನುಗ್ಗಿದ್ದು 1941ರ ಏಪ್ರಿಲ್‌ನಲ್ಲಿ. ಆಗಿನ್ನೂ ಅವರು ಬಾಲಕ. ಆ ದೇಶದ ಯಹೂದಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಸತ್ತರು. ಥೆಸಲೋನಿಕಿ ಊರೊಂದರಿಂದಲೇ 40,000ಕ್ಕೂ ಹೆಚ್ಚು ಜನರನ್ನು 1943ರಲ್ಲಿ ರೈಲಿಗೆ ತುಂಬಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ಗೆ ಕಳಿಸಿದರು.

ದ್ರೋಹ ಹೇಗಿತ್ತು ಅನ್ನುವುದಕ್ಕೆ ಒಂದು ಬೆಳಗು ಸಾಕು. 1944ರ ಆಗಸ್ಟ್ 17. ಪಿರೇಯಸ್ ಬಂದರಿನ ಪಕ್ಕದ ಕೊಕ್ಕಿನಿಯಾ, ಬಡ ನಿರಾಶ್ರಿತರ ಬಡಾವಣೆ. ಜರ್ಮನರ ವಿರುದ್ಧ ಹೋರಾಡುತ್ತಿದ್ದವರನ್ನು ಹುಡುಕಲು, 14ರಿಂದ 60 ವರ್ಷದೊಳಗಿನ ಗಂಡಸರೆಲ್ಲ ಚೌಕಕ್ಕೆ ಬರಬೇಕೆಂದು ಕೂಗಿ ಹೇಳಿದರು. ಆಗಸ್ಟಿನ ಬಿಸಿಲಿನಲ್ಲಿ ಕೂತವರ ಸಾಲುಗಳ ನಡುವೆ ಮುಸುಕು ಹಾಕಿದವರು ಓಡಾಡಿದರು. ಮಾತಿಲ್ಲ, ಬೆರಳು ಮಾತ್ರ. ಬೆರಳು ಯಾರ ಕಡೆಗೆ ತಿರುಗಿತೋ ಅವರನ್ನು ಎಬ್ಬಿಸಿ ಒಯ್ದು ಗುಂಡಿಟ್ಟರು. ಮುಸುಕಿನೊಳಗಿದ್ದವರು ಗ್ರೀಕರೇ, ಅಕ್ಕಪಕ್ಕದವರೇ.

1967ರಿಂದ 1974ರವರೆಗೆ ಗ್ರೀಸಿನಲ್ಲಿ ಸೇನೆಯ ಸರ್ವಾಧಿಕಾರ. ದೇಶಭಕ್ತಿಯ ಯುದ್ಧಚಿತ್ರಗಳಿಗೆ ಅದು ಸುಗ್ಗಿ. ನಾಯಕ ಶೂರ, ನಾಯಕಿ ತ್ಯಾಗಮಯಿ, ದ್ರೋಹಿ ಒಬ್ಬನೇ ಒಬ್ಬ ನೀಚ. ನನಗೆ ನೋವಾಗುವುದು ಇಲ್ಲಿಯೇ. ದ್ರೋಹ ಒಬ್ಬನ ಕೆಲಸವಾಗಿರಲಿಲ್ಲ. ಜರ್ಮನರು ಆಯುಧ ಕೊಟ್ಟು ಬೆಳೆಸಿದ ಗ್ರೀಕ್ ಭದ್ರತಾ ದಳಗಳೇ ಇದ್ದವು. ಯುದ್ಧ ಮುಗಿದ ಮೇಲೆ, ಕಮ್ಯುನಿಸ್ಟರ ವಿರುದ್ಧ ಬೇಕಾದಾರೆಂದು, ಆ ದಳಗಳಲ್ಲಿದ್ದ ಎಷ್ಟೋ ಜನರಿಗೆ ಶಿಕ್ಷೆಯೇ ಆಗಲಿಲ್ಲ. ಕೆಲವರು ಸೈನ್ಯಕ್ಕೇ ಮರಳಿದರು. ಅದನ್ನು ತೆರೆಯ ಮೇಲೆ ಹೇಳುವ ಹಾಗಿರಲಿಲ್ಲ. ಅಷ್ಟು ಜನರ ಪಾಪವನ್ನು ಒಬ್ಬ ಪೋಷಕ ನಟನ ಮುಖದ ಮೇಲೆ ಹೊರಿಸಿದರು, ಅದೂ ಒಬ್ಬ ಯಹೂದಿಯ ಮೇಲೆ. ಅವರು ಹೊತ್ತರು, ಚಿತ್ರದಿಂದ ಚಿತ್ರಕ್ಕೆ.

ಕೊಕ್ಕಿನಿಯಾದಲ್ಲಿ ಬೆರಳು ಕಂಡಿತ್ತು, ಮುಖ ಕಂಡಿರಲಿಲ್ಲ. ಇಪ್ಪತ್ತೈದು ವರ್ಷ ಕಳೆದು ಜನ ಚಿತ್ರಮಂದಿರದಲ್ಲಿ ಮಾತ್ಸಾಸರ ಮುಖ ನೋಡಿ ಹಲ್ಲು ಕಡಿಯುವಾಗ, ಅಂದು ಮುಸುಕು ಹಾಕಿದ್ದವನೊಬ್ಬ ಟಿಕೆಟ್ ಕೊಂಡು ಅದೇ ಸಾಲಿನಲ್ಲಿ ಕೂತಿದ್ದಿರಬಹುದು.